ಕೆಲಸ ಬಂದಿತು, ಕಸುಬು ಬರಲಿಲ್ಲ

ಈಚೆಗೆ ನಮ್ಮ ಕಾರ್ಯಾಲಯಕ್ಕೆ ಯುವಕರೊಬ್ಬರು ಬಂದರು. ನಂಜನಗೂಡಿನಿಂದ ತಿರುಮಕೂಡಲು ನರಸೀಪುರಕ್ಕೆ ಹೋಗುವ ಮಾರ್ಗದಲ್ಲಿ, ಕಪಿಲಾನದಿಗೆ ಸಮೀಪವಾದ ಹಳ್ಳಿಯೊಂದು ಅವರ ಊರು. ವಯಸ್ಸು ಮೂವತ್ತೊಂದು, ಇಂಜಿನಿಯರಿಂಗ್ ಪದವೀಧರರು, ಒಂಬತ್ತು ವರ್ಷದಿಂದ ಸಾಫ್ಟ್‌ವೇರ್ ಕಂಪೆನಿಯೊಂದರಲ್ಲಿ ನೌಕರರು. ೨೦೨೦ರ ಮಹಾಮಾರಿಯ ಕಾಲದಲ್ಲಿ ಬೆಂಗಳೂರಿನಿಂದ ಊರಿಗೆ ಬಂದ ಇವರು, ತಂದೆಗೆ ಪಾರ್ಶ್ವವಾಯು ತಗುಲಿದ ಕಾರಣ ಕಂಪೆನಿಯವರ ಅನುಮತಿ ಪಡೆದು ಅಲ್ಲಿಯೇ ಉಳಿದಿದ್ದಾರೆ. ನಮ್ಮಲ್ಲಿಗೆ ಬಂದದ್ದು ಜಾಹೀರಾತು ಕೊಡುವುದಕ್ಕಾಗಿ. ನಾಲೆಯ ನೀರಿನ ಎರಡು ಎಕರೆ ಗದ್ದೆಯೂ ಅದರ ಪಕ್ಕದ ಅರ್ಧ ಎಕರೆ ಹಿಪ್ಪುನೇರಳೆ ತೋಟವೂ ಮಾರಾಟಕ್ಕಿವೆ ಎಂಬ ನಾಲ್ಕು ಸಾಲಿನ ಒಕ್ಕಣೆಯನ್ನು ಅವರು ಬರೆದು ತಂದಿದ್ದರು.

ಜಾಹೀರಾತಿನ ಹಣ ಪತ್ರಿಕೆಗೆ ಬೇಕಾದುದೇ. ಅದನ್ನು ನಾವು ಮುಚ್ಚಿಡುವುದಿಲ್ಲ. ಆದರೂ ನಾಲೆಯ ಕೆಳಗಿನ ಗದ್ದೆಯನ್ನು ಮಾರುವವರು ಈ ಸೀಮೆಯಲ್ಲಿ ಸುಮ್ಮನೆ ಮಾರುವುದಿಲ್ಲವಾದುದರಿಂದ, ತಂದೆಯವರ ಒಪ್ಪಿಗೆ ಆಗಿದೆಯೇ ಎಂದು ಕೇಳಿದೆವು. "ಇನ್ನೂ ಹೇಳಿಲ್ಲ" ಎಂದರು. ಏತಕ್ಕಾಗಿ ಮಾರುತ್ತೀರಿ ಎಂದುದಕ್ಕೆ ಅವರು ಹೇಳಿದ ಮಾತನ್ನು ವಾಚಕರ ಮುಂದಿಡುತ್ತೇವೆ.

"ಊರಿನವರ ಕಣ್ಣಿಗೆ ನಾನು ಅದೃಷ್ಟವಂತ, ಸ್ವಾಮಿ. ಮನೆಯ ಊಟ, ಕೂತಲ್ಲಿಗೆ ಸಂಬಳ. ಆದರೆ ಒಂಬತ್ತು ವರ್ಷದ ಹಿಂದೆ ಕಲಿತ ಕೆಲಸವನ್ನೇ ಇವತ್ತೂ ಮಾಡುತ್ತಿದ್ದೇನೆ. ನನ್ನ ಕೈಕೆಳಗೆ ಸೇರಿದವರು ನನಗಿಂತ ಮೇಲಕ್ಕೆ ಹೋದರು. ಕಂಪೆನಿಯವರು ನಾಳೆ ಬೇಡವೆಂದರೆ ಇನ್ನೊಂದು ಬಾಗಿಲು ತಟ್ಟುವುದಕ್ಕೆ ನನ್ನ ಕೈಯಲ್ಲಿ ಏನೂ ಇಲ್ಲ. ಬೆಂಗಳೂರಿಗೆ ಹೋದರೆ ಅಪ್ಪನನ್ನು ನೋಡುವವರಿಲ್ಲ. ಇಲ್ಲಿದ್ದರೆ ನನ್ನನ್ನು ನೋಡುವವರಿಲ್ಲ. ಜಮೀನು ಮಾರಿ ಬೆಂಗಳೂರಲ್ಲಿ ಒಂದು ಮನೆ ಮಾಡಿದರೆ ಅಪ್ಪ ಅಮ್ಮನನ್ನೂ ಕರೆದುಕೊಂಡು ಹೋಗಬಹುದು ಅಂತ."

ನಾವು ಅವರ ಹಣವನ್ನು ತೆಗೆದುಕೊಳ್ಳಲಿಲ್ಲ. ಒಂದು ತಿಂಗಳು ತಾಳಿರೆಂದು ಹೇಳಿ, ಒಕ್ಕಣೆಯನ್ನು ಮಾತ್ರ ನಮ್ಮಲ್ಲಿ ಇಟ್ಟುಕೊಂಡೆವು. ತಾಳಿರೆಂದು ಹೇಳಿದವರು ತಾಳುವುದಕ್ಕೆ ಕಾರಣವನ್ನೂ ಹೇಳಬೇಕಾದುದು ನ್ಯಾಯವಷ್ಟೆ. ಅದಕ್ಕಾಗಿ ಈ ಲೇಖನ.

ಇದು ಒಬ್ಬರ ಮನೆಯ ಮಾತಾಗಿದ್ದರೆ ಪತ್ರಿಕೆಯಲ್ಲಿ ಬರೆಯುವ ಅಗತ್ಯವಿರಲಿಲ್ಲ. ನಂಜನಗೂಡು ನರಸೀಪುರಗಳ ಪೇಟೆಯಲ್ಲಿಯೂ ಸುತ್ತಣ ಹಳ್ಳಿಗಳಲ್ಲಿಯೂ ಬಾಗಿಲು ಮುಚ್ಚಿದ ಕೋಣೆಯೊಳಗೆ, ಕಿವಿಗೆ ಯಂತ್ರ ಸಿಕ್ಕಿಸಿಕೊಂಡು, ಯಾವುದೋ ದೇಶದ ಯಾರೊಡನೆಯೋ ಮಾತಾಡುತ್ತ ಕುಳಿತ ಯುವಕ ಯುವತಿಯರನ್ನು ನಾವು ಬಲ್ಲೆವು. ನಮ್ಮ ವಾಚಕರಲ್ಲಿ ಅನೇಕರ ಮಕ್ಕಳೋ ಅಳಿಯಂದಿರೋ ಆ ಕೋಣೆಗಳಲ್ಲಿ ಇದ್ದಾರೆ. ಅವರ ವಿಷಯದಲ್ಲಿ ಪೇಟೆಯ ಜಗಲಿಗಳಲ್ಲಿ ಎರಡು ಮಾತುಗಳು ಕೇಳಿಬರುತ್ತವೆ. ಬಿಸಿಲಿಗೆ ಹೋಗದೆ, ಸಾಹೇಬರಿಗೆ ಸಲಾಮು ಹೊಡೆಯದೆ ತಿಂಗಳಿಗೆ ಇಷ್ಟು ಎಣಿಸುವವನಿಗೆ ದುಃಖವೇನು, ಅನ್ನ ಹೆಚ್ಚಾದುದರ ಫಲ ಇದು ಎಂಬುದು ಒಂದು. ಬುದ್ಧಿಯಿರುವವನು ಹಳ್ಳಿಯಲ್ಲಿ ಕೂತರೆ ಕೊಳೆಯುತ್ತಾನೆ, ಬೆಂಗಳೂರಿಗೆ ಹೋಗಲಿ ಎಂಬುದು ಇನ್ನೊಂದು. ಮೊದಲನೆಯ ಮಾತು ಕಷ್ಟವನ್ನೇ ಅಲ್ಲಗಳೆಯುತ್ತದೆ. ಎರಡನೆಯದು ಕಷ್ಟವನ್ನು ಒಪ್ಪಿ, ತಪ್ಪನ್ನು ಹಳ್ಳಿಯ ತಲೆಗೆ ಕಟ್ಟುತ್ತದೆ. ಎರಡೂ ಸರಿಯಲ್ಲವೆಂದು ನಮ್ಮ ಅಭಿಪ್ರಾಯ.

ಮೊದಲು ಕೆಲಸದ ಸ್ವರೂಪವನ್ನು ತಿಳಿಯಬೇಕು. ಸಾಫ್ಟ್‌ವೇರ್ ಎಂದೊಡನೆ ಹೊಸತೇನನ್ನೋ ಸೃಷ್ಟಿಸುವ ವಿದ್ಯೆಯೆಂದು ನಮ್ಮ ಹಿರಿಯರು ಭಾವಿಸುತ್ತಾರೆ. ಅಂಥ ಕೆಲಸ ಉಂಟು. ಆದರೆ ದೂರದ ಕೋಣೆಯಲ್ಲಿ ಕುಳಿತವರ ಪಾಲಿಗೆ ಬರುವುದು ಬಹುಮಟ್ಟಿಗೆ ಅದಲ್ಲ. ಅಮೆರಿಕದ ಒಂದು ಬ್ಯಾಂಕಿನವರೋ ವಿಮಾ ಕಂಪೆನಿಯವರೋ ಇಪ್ಪತ್ತು ವರ್ಷದ ಹಿಂದೆ ಬರೆಯಿಸಿದ ಲೆಕ್ಕದ ವ್ಯವಸ್ಥೆ ಇರುತ್ತದೆ. ಅದು ಕೆಟ್ಟಾಗ ಅಲ್ಲಿಂದ ಒಂದು ದೂರು ಬರುತ್ತದೆ. ಇದನ್ನು ಅವರು ಟಿಕೆಟ್ ಎನ್ನುತ್ತಾರೆ. ಗೊತ್ತಾದ ಅವಧಿಯೊಳಗೆ ಅದನ್ನು ಸರಿಪಡಿಸಿ ಮುಚ್ಚಬೇಕು; ಮುಚ್ಚಿದೊಡನೆ ಮುಂದಿನದು ಬರುತ್ತದೆ. ಆ ವ್ಯವಸ್ಥೆಯನ್ನು ಕಟ್ಟಿದವರು ಯಾರು, ಏತಕ್ಕೆ ಹಾಗೆ ಕಟ್ಟಿದರು, ಅದರಿಂದ ಯಾರಿಗೆ ಪ್ರಯೋಜನ ಎಂಬುದು ದುರಸ್ತಿ ಮಾಡುವವನಿಗೆ ತಿಳಿಯುವುದೂ ಇಲ್ಲ, ತಿಳಿಯಬೇಕೆಂದು ಯಾರೂ ಕೇಳುವುದೂ ಇಲ್ಲ. ನ್ಯೂಯಾರ್ಕಿನಲ್ಲಿ ಬೆಳಿಗ್ಗೆ ಒಂಬತ್ತು ಗಂಟೆಯಾದಾಗ ನಮ್ಮಲ್ಲಿ, ಕಾಲಮಾನಕ್ಕೆ ತಕ್ಕಂತೆ, ಸಂಜೆ ಆರೂವರೆಯೋ ಏಳೂವರೆಯೋ ಆಗಿರುತ್ತದೆ. ಊರು ದೀಪ ಹಚ್ಚುವ ಹೊತ್ತಿಗೆ ಇವರ ಕೆಲಸ ಬಿರುಸಾಗುತ್ತದೆ. ಊರು ಏಳುವ ಹೊತ್ತಿಗೆ ಇವರು ಮಲಗುತ್ತಾರೆ. ಹೀಗೆ ಊರಿನಲ್ಲಿದ್ದೂ ಊರಿನವರೊಡನೆ ಇಲ್ಲ, ಕಂಪೆನಿಯಲ್ಲಿದ್ದೂ ಕಂಪೆನಿಯವರೊಡನೆ ಇಲ್ಲ ಎಂಬ ಸ್ಥಿತಿ ಪ್ರಾಪ್ತವಾಗುತ್ತದೆ. ಒಂಬತ್ತು ವರ್ಷದ ಅನುಭವವೆಂದು ಕಾಗದದಲ್ಲಿ ಬರೆದಿದ್ದರೂ, ಅದು ಒಂದೇ ವರ್ಷವನ್ನು ಒಂಬತ್ತು ಸಲ ಮಾಡಿದ ಅನುಭವವಾಗಿರುತ್ತದೆ.

ಇದರ ಮೇಲೆ ಭಯವೂ ಸೇರಿದೆ, ಅದು ನಿರಾಧಾರವಾದುದಲ್ಲ. ೨೦೨೨ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಎಂಬ ಯಂತ್ರ ಲೋಕದೆದುರಿಗೆ ಬಂದ ಮೇಲೆ, ಮನುಷ್ಯರ ಮಾತಿನಲ್ಲಿ ಕೇಳಿದರೆ ಪ್ರೋಗ್ರಾಮು ಬರೆದುಕೊಡುವ ಯಂತ್ರಗಳು ಒಂದರ ಮೇಲೊಂದು ಬಂದಿವೆ. ಚಿಕ್ಕ ಚಿಕ್ಕ ದುರಸ್ತಿಗಳನ್ನು ಅವು ಮನುಷ್ಯನಿಗಿಂತ ಶೀಘ್ರವಾಗಿ ಮಾಡುತ್ತವೆ. ೨೦೨೫ರ ಫೆಬ್ರವರಿಯಲ್ಲಿ ಮೈಸೂರಿನ ಇನ್ಫೋಸಿಸ್ ಆವರಣದಲ್ಲಿ ತರಬೇತಿಯಲ್ಲಿದ್ದ ಮುನ್ನೂರಕ್ಕೂ ಮಿಕ್ಕ ತರುಣರನ್ನು, ಪರೀಕ್ಷೆಯಲ್ಲಿ ತೇರ್ಗಡೆಯಾಗಲಿಲ್ಲವೆಂದು ಮನೆಗೆ ಕಳುಹಿಸಿದರು. ಅದೇ ವರ್ಷದ ಜುಲೈಯಲ್ಲಿ ಟಾಟಾ ಕನ್ಸಲ್ಟೆನ್ಸಿ ಸರ್ವೀಸಸ್‌ನವರು ತಮ್ಮ ನೌಕರರಲ್ಲಿ ನೂರಕ್ಕೆ ಇಬ್ಬರಂತೆ, ಎಂದರೆ ಸುಮಾರು ೧೨,೦೦೦ ಮಂದಿಯನ್ನು, ಮುಖ್ಯವಾಗಿ ನಡುಮಟ್ಟದವರನ್ನೂ ಹಿರಿಯರನ್ನೂ, ಕಡಿಮೆ ಮಾಡುವುದಾಗಿ ಪ್ರಕಟಿಸಿದರು. ಹೊಸದಾಗಿ ಸೇರುವವರ ಸಂಬಳವಂತೂ ದೊಡ್ಡ ಕಂಪೆನಿಗಳಲ್ಲಿ ಹತ್ತು ವರ್ಷಕ್ಕೂ ಮಿಕ್ಕ ಕಾಲದಿಂದ ವರ್ಷಕ್ಕೆ ಮೂರೂವರೆ ಲಕ್ಷ ರೂಪಾಯಿಯ ಆಸುಪಾಸಿನಲ್ಲಿಯೇ ನಿಂತಿದೆ. ಹೀಗಿರುವಲ್ಲಿ, ಕೋಣೆಯಲ್ಲಿ ಕುಳಿತ ಯುವಕ ರಾತ್ರಿ ನಿದ್ದೆಗೆಟ್ಟರೆ ಅದನ್ನು ಅನ್ನ ಹೆಚ್ಚಾದುದೆಂದು ಹೇಳುವುದು ಅನ್ಯಾಯ.

ಇನ್ನು ತಪ್ಪು ಹಳ್ಳಿಯದೇ ಎಂಬ ಪ್ರಶ್ನೆ. ಈ ಉದ್ಯೋಗ ನಮ್ಮ ನಾಡಿನಲ್ಲಿ ಬೆಳೆದ ಬಗೆಯನ್ನು ಸ್ವಲ್ಪ ನೆನೆಯಬೇಕು. ೧೯೭೬ರಲ್ಲಿ ಕಿಯೋನಿಕ್ಸ್ ಎಂಬ ಸರ್ಕಾರಿ ಸಂಸ್ಥೆ ಸ್ಥಾಪಿತವಾಯಿತು; ಆರ್. ಕೆ. ಬಾಳಿಗರ ದೂರದೃಷ್ಟಿಯಿಂದ ಬೆಂಗಳೂರಿನ ಹೊರಗೆ ಎಲೆಕ್ಟ್ರಾನಿಕ್ ಸಿಟಿ ಎದ್ದಿತು. ೧೯೮೩ರಲ್ಲಿ ಇನ್ಫೋಸಿಸ್ ಪುಣೆಯಿಂದ ಬೆಂಗಳೂರಿಗೆ ಬಂದಿತು. ೧೯೮೫ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬಂದಿತು. ೧೯೯೭ರಲ್ಲಿ ನಮ್ಮ ಸರ್ಕಾರ ಮಾಹಿತಿ ತಂತ್ರಜ್ಞಾನ ನೀತಿಯನ್ನು ಪ್ರಕಟಿಸಿತು. ಈ ಇತಿಹಾಸದಲ್ಲಿ ಕಂಪೆನಿಗಳ ಹೆಸರು ಎಲ್ಲರಿಗೂ ಗೊತ್ತು. ಆದರೆ ಒಂದೇ ಊರಿನಲ್ಲಿ ಸಾವಿರಾರು ಜನ ಒಂದೇ ಕಸುಬಿನವರು ಒಟ್ಟುಗೂಡಿದರು, ಅದರಿಂದ ಕಸುಬು ಬೆಳೆಯಿತು ಎಂಬ ಮುಖ್ಯಸಂಗತಿಯನ್ನು ಯಾರೂ ಗಮನಿಸಲಿಲ್ಲ. ಹೊಸಬನು ಹಳಬನ ಪಕ್ಕದಲ್ಲಿ ಕುಳಿತು ಕಲಿತ. ಊಟದ ಹೊತ್ತಿನ ಮಾತಿನಲ್ಲಿ ಬೇರೆ ಕಂಪೆನಿಯ ಸುದ್ದಿ ತಿಳಿದ. ತಾನು ಹಿಂದೆ ಬಿದ್ದಿದ್ದರೆ ಬಿದ್ದಿದ್ದೇನೆಂದು ಸ್ನೇಹಿತರಿಂದ ಅರಿತ. ಬೆಂಗಳೂರು ಮೇಲೆಂದು ಹೇಳುವವರು ಈ ಸಹವಾಸವನ್ನೇ ಬೆಂಗಳೂರೆಂದು ಕರೆಯುತ್ತಿದ್ದಾರೆ.

೨೦೨೦ರ ಮಾರ್ಚಿಯಲ್ಲಿ ಕಛೇರಿಗಳು ಬಾಗಿಲು ಹಾಕಿದಾಗ ಕೆಲಸ ತಂತಿಯ ಮೂಲಕ ಹಳ್ಳಿಗೆ ಬಂದಿತು. ಗ್ರಾಮ ಪಂಚಾಯತಿಗಳಿಗೆ ಆಪ್ಟಿಕಲ್ ಫೈಬರ್ ತಂತಿ ಎಳೆಯುವ ಯೋಜನೆಯನ್ನು ಕೇಂದ್ರ ಸರ್ಕಾರ ೨೦೧೧ರಲ್ಲಿಯೇ ಒಪ್ಪಿ, ಅದಕ್ಕೆ ಮುಂದೆ ಭಾರತ್‌ನೆಟ್ ಎಂದು ಹೆಸರಿಟ್ಟಿತ್ತು. ಖಾಸಗಿಯವರ ತಂತಿಯೂ ಮೊಬೈಲ್ ಗೋಪುರವೂ ಬಂದವು. ಎಲ್ಲರೂ ಹರ್ಷಪಟ್ಟೆವು; ನಮ್ಮ ಪತ್ರಿಕೆಯೂ ಹರ್ಷಪಟ್ಟಿತು. ಮಕ್ಕಳು ಮನೆಗೆ ಬಂದರು, ಹಳ್ಳಿಯ ಮನೆಗಳಲ್ಲಿ ದೀಪ ಹತ್ತಿತು ಎಂದು ಬರೆದೆವು. ತಂತಿಯಲ್ಲಿ ಬಂದದ್ದು ಕೆಲಸ ಮಾತ್ರ, ಕಸುಬು ಬರಲಿಲ್ಲ ಎಂಬುದು ಆಗ ನಮಗೂ ಹೊಳೆಯಲಿಲ್ಲ. ಆಮೇಲೆ ಕಂಪೆನಿಗಳು ಒಂದೊಂದಾಗಿ ನೌಕರರನ್ನು ಕಛೇರಿಗೆ ಹಿಂದಕ್ಕೆ ಕರೆದವು. ಟಾಟಾ ಕಂಪೆನಿಯವರು ೨೦೨೩ರ ಅಕ್ಟೋಬರಿನಿಂದ ವಾರಕ್ಕೆ ಐದು ದಿನವೂ ಬರಬೇಕೆಂದರು. ಕಛೇರಿಯಲ್ಲಿ ಕಣ್ಣೆದುರಿಗೆ ಇರುವವನಿಗೆ ಹೊಸ ಕೆಲಸ, ಕಣ್ಣಿಗೆ ಕಾಣದವನಿಗೆ ಹಳೆಯ ದುರಸ್ತಿ ಎಂಬ ಹಂಚಿಕೆ ತಾನಾಗಿ ನಡೆಯಿತು. ಇದರಲ್ಲಿ ದುರುದ್ದೇಶವೇ ಇರಬೇಕೆಂದಿಲ್ಲ. ಹತ್ತಿರವಿರುವವನನ್ನು ಕರೆಯುವುದು ಮನುಷ್ಯಸ್ವಭಾವ.

ಕೆಲಸಕ್ಕೂ ಕಸುಬಿಗೂ ಇರುವ ಅಂತರವನ್ನು ನಾವು ಪುಸ್ತಕದಿಂದ ಕಲಿತವರಲ್ಲ. ಪಾಠಶಾಲೆಯಲ್ಲಿ ನಾಲ್ಕು ವರ್ಷ ಅಮರಕೋಶ ಉರುಹೊಡೆದು, ಹತ್ತನೆಯ ತರಗತಿಯ ಪರೀಕ್ಷೆ ಮುಗಿಸಿ, ನಾವು ಒಂದು ಸಣ್ಣ ಮುದ್ರಣಾಲಯದಲ್ಲಿ ಅಚ್ಚುಮೊಳೆ ಜೋಡಿಸಲು ಸೇರಿದೆವು. ಅಲ್ಲಿ ಐದು ಮಂದಿ ಇದ್ದೆವು. ಕೆಲವೇ ವರ್ಷಗಳಲ್ಲಿ ಗಣಕಯಂತ್ರ ಬಂದು ಮೊಳೆಗಳು ಗುಜರಿಗೆ ಹೋದವು. ನಮ್ಮ ಜೊತೆಯವರಲ್ಲಿ ಒಬ್ಬರು ಬಹು ಚುರುಕಾದ ಕೈಯವರು. ಸಾಲಿಗೆ ಒಂದು ತಪ್ಪೂ ಇಲ್ಲದೆ ಜೋಡಿಸುತ್ತಿದ್ದರು. ಆದರೆ ಅವರಿಗೆ ಕೊಡುತ್ತಿದ್ದುದು ಬರಿಯ ಮೊಳೆ ಜೋಡಿಸುವ ಕೆಲಸ. ಕರಡು ತಿದ್ದುವುದನ್ನಾಗಲಿ, ಪುಟ ಕಟ್ಟುವುದನ್ನಾಗಲಿ, ಗಿರಾಕಿಯೊಡನೆ ಮಾತಾಡುವುದನ್ನಾಗಲಿ ಅವರಿಗೆ ಯಾರೂ ಬಿಡಲಿಲ್ಲ. ಮೊಳೆ ಹೋದ ದಿನ ಅವರ ಕೈಯೂ ಹೋಯಿತು. ನಮಗೆ ಅವರಷ್ಟು ಚುರುಕು ಇರಲಿಲ್ಲ. ಆದರೆ ಯಜಮಾನರು ನಮ್ಮನ್ನು ಕರಡಿಗೂ ಕಾಗದದ ಅಂಗಡಿಗೂ ಗಿರಾಕಿಯ ಮನೆಗೂ ಓಡಾಡಿಸಿದ್ದರಿಂದ, ಒಂದು ಪುಸ್ತಕ ಮೊದಲಿನಿಂದ ಕೊನೆಯವರೆಗೆ ಹೇಗೆ ಆಗುತ್ತದೆಂಬುದನ್ನು ಕಂಡಿದ್ದೆವು. ಯಂತ್ರ ಬದಲಾದರೂ ಪುಸ್ತಕ ಬದಲಾಗಲಿಲ್ಲ, ನಾವು ಉಳಿದೆವು. ಒಂದು ವಸ್ತುವನ್ನು ಮೊದಲಿನಿಂದ ಕೊನೆಯವರೆಗೆ ಕಾಣುವುದು, ಅದನ್ನು ಬಳಸುವವನ ಮುಖವನ್ನು ಕಾಣುವುದು, ಬಲ್ಲವರ ಪಕ್ಕದಲ್ಲಿ ಕುಳಿತುಕೊಳ್ಳುವುದು, ಈ ಮೂರೂ ಸೇರಿದರೆ ಕಸುಬು. ಇವುಗಳಲ್ಲಿ ಒಂದೂ ಇಲ್ಲದಿದ್ದರೆ ಅದು ಕೂಲಿ; ಸಂಬಳ ಎಷ್ಟೇ ಇರಲಿ.

ಹಳ್ಳಿಯಲ್ಲಿ ಕಸುಬು ಬೆಳೆಯಲಾರದೆನ್ನುವವರು ತಮ್ಮ ತಾಲ್ಲೂಕಿನ ಚರಿತ್ರೆಯನ್ನೇ ಮರೆತಿದ್ದಾರೆ. ನಂಜನಗೂಡು ತಾಲ್ಲೂಕಿನ ಬದನವಾಳಿನಲ್ಲಿ, ತಗಡೂರು ರಾಮಚಂದ್ರರಾಯರಂಥ ದೇಶಭಕ್ತರ ಕಾಲದಲ್ಲಿ ಖಾದಿ ಬೇರೂರಿತು. ಗಾಂಧೀಜಿಯವರೇ ಅಲ್ಲಿಗೆ ಬಂದು ಕಂಡರು. ಅಲ್ಲಿ ಹತ್ತಿಯನ್ನು ಮನೆಮನೆಗೆ ಹಂಚಿ ನೂಲನ್ನು ತೂಕಮಾಡಿ ಒಯ್ಯುವುದಷ್ಟೇ ನಡೆದಿದ್ದರೆ ಆ ಊರಿನ ಹೆಸರನ್ನು ಇಂದು ಯಾರೂ ಹೇಳುತ್ತಿರಲಿಲ್ಲ. ನೂಲುವವರೂ ನೇಯುವವರೂ ಒಂದೆಡೆ ಸೇರುವ ಕೇಂದ್ರವೊಂದಿತ್ತು. ಅದು ಕ್ಷೀಣಿಸಿದ ಮೇಲೂ, ೨೦೧೫ರಲ್ಲಿ ರಂಗಕರ್ಮಿ ಪ್ರಸನ್ನರು ಗ್ರಾಮಜೀವನಕ್ಕಾಗಿ ಸತ್ಯಾಗ್ರಹ ಹೂಡುವಾಗ ಆರಿಸಿಕೊಂಡ ಸ್ಥಳ ಅದೇ. ನಂಜನಗೂಡಿನ ಪೇಟೆಯಲ್ಲಿಯೇ ಬಿ. ವಿ. ಪಂಡಿತರು ೧೯೧೩ರಲ್ಲಿ ಸದ್ವೈದ್ಯಶಾಲೆಯನ್ನು ತೆರೆದರು. ನಂಜನಗೂಡಿನ ಹಲ್ಲುಪುಡಿ ಊರಿನ ಹೆಸರನ್ನು ಹೊತ್ತು ನಾಡೆಲ್ಲ ಸುತ್ತಿತು. ಇದೇ ತಾಲ್ಲೂಕಿನ ಸುತ್ತೂರಿನ ಮಠದಿಂದ, ಶ್ರೀ ಶಿವರಾತ್ರಿ ರಾಜೇಂದ್ರ ಸ್ವಾಮಿಗಳವರು ೧೯೫೪ರಲ್ಲಿ ಸ್ಥಾಪಿಸಿದ ವಿದ್ಯಾಪೀಠ ಬೆಳೆಯಿತು. ಇಂದು ಊರೂರಿನಲ್ಲಿ ಸಾಫ್ಟ್‌ವೇರ್ ಕೆಲಸಕ್ಕೆ ಹೋಗುವ ನಮ್ಮ ಹುಡುಗರಲ್ಲಿ ಅನೇಕರು ಅದರ ಕಾಲೇಜುಗಳಲ್ಲಿ ಓದಿದವರೇ.

ಗಣಕಯಂತ್ರದ ಕಸುಬಿಗೂ ನಿದರ್ಶನಗಳಿವೆ. ತಮಿಳುನಾಡಿನ ತೆಂಕಾಶಿಯ ಹತ್ತಿರ ಮತ್ತಳಂಪಾರೈ ಎಂಬ ಹಳ್ಳಿಯಲ್ಲಿ ಜೋಹೋ ಕಂಪೆನಿಯವರು ೨೦೧೧ರಲ್ಲಿ ಸಣ್ಣದೊಂದು ಕಛೇರಿಯನ್ನು ತೆರೆದರು. ಅವರು ಹಳ್ಳಿಯವರಿಗೆ ಉಳಿದ ಪಳಿದ ದುರಸ್ತಿಯನ್ನು ಕೊಡಲಿಲ್ಲ. ಕಂಪೆನಿಯ ಸ್ವಂತ ಸರಕನ್ನೇ ಅಲ್ಲಿ ಕಟ್ಟುವ ಏರ್ಪಾಡು ಮಾಡಿದರು. ಇದಕ್ಕೆ ಪ್ರತಿಯಾಗಿ, ೨೦೦೮ರಲ್ಲಿ ಆರಂಭವಾದ ರೂರಲ್‌ಶೋರ್ಸ್ ಎಂಬ ಕಂಪೆನಿ ನಮ್ಮ ಬಾಗೇಪಲ್ಲಿಯಿಂದ ತೊಡಗಿ ಹಳ್ಳಿಗಳಿಗೆ ದಾಖಲೆ ತುಂಬುವಂಥ ಕೆಲಸಗಳನ್ನು ತಂದಿತು. ಅದೂ ಅನ್ನ ಕೊಟ್ಟ ಕೆಲಸವೇ, ಅದನ್ನು ಹೀಗಳೆಯುವುದಿಲ್ಲ. ಆದರೆ ದಾಖಲೆ ತುಂಬುವವನ ಮುಂದಿನ ಮೆಟ್ಟಿಲು ಯಾವುದೆಂಬ ಪ್ರಶ್ನೆ ಅಲ್ಲಿ ಉಳಿಯುತ್ತದೆ. ಇನ್ನು ಕನ್ನಡವನ್ನು ಗಣಕಯಂತ್ರದಲ್ಲಿ ಬರೆಯುವ ಕೀಲಿಮಣೆಯ ವಿನ್ಯಾಸವನ್ನು ನಮಗೆ ಕೊಟ್ಟ ಕೆ. ಪಿ. ರಾಯರನ್ನು ನೆನೆಯಿರಿ. ತಮ್ಮ ಭಾಷೆಯ ಜನಕ್ಕೆ ಏನು ಬೇಕೆಂಬುದನ್ನು ಕಣ್ಣಾರೆ ಕಂಡವರಿಗೆ ಮಾತ್ರ ಸಾಧ್ಯವಾಗುವ ಕೆಲಸ ಅದು. ನ್ಯೂಯಾರ್ಕಿನ ದೂರನ್ನು ಮುಚ್ಚುತ್ತ ಕುಳಿತವನಿಗೆ ಅಂಥ ಕಾಣುವಿಕೆ ಒದಗುವುದಿಲ್ಲ.

ಹಾಗಾದರೆ ಮಾಡಬೇಕಾದುದೇನು? ಮೊದಲನೆಯದಾಗಿ, ನಂಜನಗೂಡಿನ ನಗರಸಭೆಯವರೂ ನರಸೀಪುರದ ಪುರಸಭೆಯವರೂ ಊರಿಗೊಂದು ಸಾರ್ವಜನಿಕ ಕಾರ್ಯಾಗಾರವನ್ನು ತೆರೆಯಬೇಕು. ಇದಕ್ಕೆ ಕೋಟಿಗಟ್ಟಲೆ ಬೇಕಿಲ್ಲ. ಗಾಳಿ ಬೆಳಕುಳ್ಳ ಒಂದು ದೊಡ್ಡ ಕೋಣೆ, ನಲವತ್ತು ಮೇಜು, ತಡೆಯಿಲ್ಲದ ವಿದ್ಯುತ್ತು, ಎರಡು ಬೇರೆ ಬೇರೆ ತಂತಿಯ ಅಂತರ್ಜಾಲ, ಹೆಣ್ಣುಮಕ್ಕಳಿಗೆ ಪ್ರತ್ಯೇಕವಾದ ಶೌಚಗೃಹ, ರಾತ್ರಿಯ ಕಾವಲು. ಅಲ್ಲಿ ಬೇರೆ ಬೇರೆ ಕಂಪೆನಿಯವರು ತಂತಮ್ಮ ಬಾಡಿಗೆ ಕೊಟ್ಟು ಪಕ್ಕಪಕ್ಕದಲ್ಲಿ ಕುಳಿತರೆ, ಒಂದೇ ತಿಂಗಳಲ್ಲಿ ಅವರಿಗೆ ತಮ್ಮ ಕಸುಬಿನವರ ಪರಿಚಯವಾಗುತ್ತದೆ. ಹಳ್ಳಿಗಳಲ್ಲಿ ಪಂಚಾಯತಿಯ ಗ್ರಂಥಾಲಯಗಳನ್ನು ಅರಿವು ಕೇಂದ್ರಗಳೆಂದು ಸರ್ಕಾರದವರು ಪುನರುಜ್ಜೀವನಗೊಳಿಸಿದ್ದಾರೆ. ವಾರಕ್ಕೊಂದು ಸಂಜೆ ಅವುಗಳಲ್ಲಿ ಇಂಥವರ ಕೂಟ ನಡೆಯಬಹುದು. ಈ ಊರುಗಳಿಂದ ಮೈಸೂರಿಗೆ ಇಪ್ಪತ್ತು ಮೂವತ್ತು ಕಿಲೋಮೀಟರು; ಬಲ್ಲವರೊಬ್ಬರನ್ನು ತಿಂಗಳಿಗೊಮ್ಮೆ ಕರೆಸುವುದು ದುಸ್ತರವಲ್ಲ. ನಂಜನಗೂಡಿಗಾದರೂ ರೈಲುಂಟು, ರೈಲಿಲ್ಲದ ನರಸೀಪುರದವರಿಗೆ ರಾತ್ರಿಯ ಬಸ್ಸುಗಳಾದರೂ ಹೆಚ್ಚಬೇಕು.

ಎರಡನೆಯದಾಗಿ, ಸರ್ಕಾರದವರು ಬೆಂಗಳೂರಿನಿಂದ ಆಚೆಗೆ ಉದ್ಯಮವನ್ನು ಒಯ್ಯುವುದಾಗಿ ಹೇಳುತ್ತ ಮೈಸೂರು, ಮಂಗಳೂರು, ಹುಬ್ಬಳ್ಳಿ, ಧಾರವಾಡ, ಬೆಳಗಾವಿಗಳ ಹೆಸರನ್ನು ಹೇಳುತ್ತಾರೆ. ಸಂತೋಷ. ಆದರೆ ಜಿಲ್ಲೆಯ ಮುಖ್ಯಪಟ್ಟಣಕ್ಕೆ ಬಂದ ಉದ್ಯಮ ತಾಲ್ಲೂಕಿಗೆ ತಾನಾಗಿ ಹರಿಯುವುದಿಲ್ಲ. ಮೈಸೂರಿನ ಹೆಬ್ಬಾಳದಲ್ಲಿ ಮುನ್ನೂರು ಎಕರೆ ಮೀರಿದ ಆವರಣ ಇರುವಾಗಲೂ ಕಪಿಲೆಯ ದಡದ ಯುವಕನಿಗೆ ಜೊತೆಗಾರರಿಲ್ಲ ಎಂಬುದೇ ಇದಕ್ಕೆ ಸಾಕ್ಷಿ. ಸರ್ಕಾರದ ರಿಯಾಯಿತಿಯನ್ನು ಪಡೆಯುವ ಕಂಪೆನಿಗಳು, ದೂರದಿಂದ ದುಡಿಯುವ ನೌಕರರಿಗೂ ಹೊಸ ಕೆಲಸದಲ್ಲಿ ಪಾಲು, ಕಲಿಯುವುದಕ್ಕೆ ಗೊತ್ತಾದ ವೇಳೆ ಮತ್ತು ಬಡ್ತಿಯಲ್ಲಿ ಸಮಾನ ಪರಿಗಣನೆ ಕೊಡುತ್ತಿವೆಯೇ ಎಂದು ಕೇಳುವ ಹಕ್ಕು ಸರ್ಕಾರಕ್ಕುಂಟು. ಕೈಗಾರಿಕಾ ನೌಕರಿಯ ಸ್ಥಾಯೀ ಆದೇಶಗಳ ೧೯೪೬ರ ಕಾನೂನಿನಿಂದ ಈ ಕಂಪೆನಿಗಳಿಗೆ ವಿನಾಯಿತಿ ಕೊಡುತ್ತ ಬಂದ ನಮ್ಮ ರಾಜ್ಯ ಸರ್ಕಾರ ೨೦೨೪ರಲ್ಲಿ ಅದನ್ನು ಮತ್ತೆ ಐದು ವರ್ಷಕ್ಕೆ ಮುಂದುವರಿಸಿತು; ಅದೇ ವರ್ಷ ದಿನಕ್ಕೆ ಹದಿನಾಲ್ಕು ಗಂಟೆಯ ದುಡಿಮೆಗೆ ಅವಕಾಶ ಕೊಡುವ ಪ್ರಸ್ತಾಪವೂ ಎದ್ದು, ನೌಕರರ ಸಂಘದವರ ವಿರೋಧಕ್ಕೆ ಗುರಿಯಾಯಿತು. ೨೦೨೫ರ ನವೆಂಬರಿನಲ್ಲಿ ಕೇಂದ್ರ ಸರ್ಕಾರದವರು ನಾಲ್ಕು ಕಾರ್ಮಿಕ ಸಂಹಿತೆಗಳನ್ನು ಜಾರಿಗೆ ತಂದಿದ್ದಾರೆ. ಈ ಹೊಸ ವ್ಯವಸ್ಥೆಯಲ್ಲಿಯಾದರೂ ಮನೆಯ ಕೋಣೆಯೂ ಕಾರ್ಖಾನೆಯೇ ಎಂಬುದನ್ನು ಕಾರ್ಮಿಕ ಇಲಾಖೆಯ ಅಧಿಕಾರಿಗಳು ಮನಗಾಣಬೇಕೆಂದು ಪ್ರಾರ್ಥಿಸುತ್ತೇವೆ. ನಮ್ಮ ವಾಚಕರಲ್ಲಿ ಆ ಇಲಾಖೆಯವರೂ ಇದ್ದಾರೆಂಬುದನ್ನು ನಾವು ಬಲ್ಲೆವು.

ಮೂರನೆಯದು ನಮ್ಮ ಊರಿನ ವ್ಯಾಪಾರಸ್ಥರಿಗೂ ಸಹಕಾರ ಸಂಘಗಳವರಿಗೂ ಸೇರಿದ್ದು. ನರಸೀಪುರದ ಸೀಮೆ ರೇಷ್ಮೆಯ ಸೀಮೆ; ಅಲ್ಲಿ ಸರ್ಕಾರದ ರೇಷ್ಮೆನೂಲು ಕಾರ್ಖಾನೆಯೂ ಉಂಟು. ನಂಜನಗೂಡಿನ ರಸಬಾಳೆಗೆ ಭೌಗೋಳಿಕ ಗುರುತಿನ ಮನ್ನಣೆ ದೊರೆತಿದೆ. ಆದರೆ ಸೊರಗು ರೋಗದಿಂದ ಅದರ ತೋಟಗಳು ಕುಗ್ಗಿವೆ, ರಸಬಾಳೆಯ ಹೆಸರಿನಲ್ಲಿ ಬೇರೆ ಹಣ್ಣನ್ನು ಮಾರುವವರೂ ಇದ್ದಾರೆ. ಕಬಿನಿಯ ನಾಲೆಗಳ ನೀರಿನ ಸರದಿ, ನಂಜನಗೂಡಿನ ಕೈಗಾರಿಕಾ ಪ್ರದೇಶದ ಲೆಕ್ಕ, ತಲಕಾಡು ಸೋಮನಾಥಪುರಗಳಿಗೆ ಬರುವ ಯಾತ್ರಿಕರ ಅನುಕೂಲ, ಹಾಲಿನ ಸಂಘಗಳ ಬಟವಾಡೆ, ಇವೆಲ್ಲ ಗಣಕಯಂತ್ರದ ಕಸುಬಿಗೆ ಯೋಗ್ಯವಾದ ವಿಷಯಗಳು. ಸೋಮನಾಥಪುರದ ದೇವಾಲಯಕ್ಕಂತೂ ೨೦೨೩ರಲ್ಲಿ ಯುನೆಸ್ಕೋದ ವಿಶ್ವಪರಂಪರೆಯ ಮನ್ನಣೆ ದೊರೆತ ಮೇಲೆ ಈ ಕೆಲಸ ಹೆಚ್ಚಿದೆ. ಇಂಥ ಕೆಲಸಕ್ಕೆ ಬೆಂಗಳೂರಿನ ಏಜೆಂಟರನ್ನು ಹುಡುಕುವ ಮೊದಲು, ಪಕ್ಕದ ಬೀದಿಯ ಹುಡುಗನನ್ನೋ ಹುಡುಗಿಯನ್ನೋ ಕರೆದು ಕೇಳಬಾರದೆ?

ಇಲ್ಲಿ ಒಂದು ಆಕ್ಷೇಪವುಂಟು, ಅದು ಬಲವಾದುದೇ. ರೇಷ್ಮೆ ಬೆಳೆಗಾರರ ಸಂಘವು ಅಮೆರಿಕದ ಬ್ಯಾಂಕು ಕೊಡುವ ಸಂಬಳವನ್ನು ಕೊಡಬಲ್ಲುದೆ? ಕೊಡಲಾರದು. ಹತ್ತರಲ್ಲೊಂದು ಪಾಲನ್ನೂ ಕೊಡಲಾರದು. ಆದಕಾರಣ ಇರುವ ನೌಕರಿಯನ್ನು ಬಿಟ್ಟು ಇದಕ್ಕೆ ಬನ್ನಿರೆಂದು ನಾವು ಹೇಳುವುದಿಲ್ಲ. ಹಾಗೆ ಹೇಳುವವರು ಬೇರೆಯವರ ಮನೆಯ ಅಕ್ಕಿಯ ಲೆಕ್ಕವನ್ನು ಅರಿಯದವರು. ನಾವು ಹೇಳುವುದು ಇಷ್ಟೆ: ವಾರದಲ್ಲಿ ಒಂದು ಅರ್ಧದಿನ, ಕಣ್ಣೆದುರಿನ ಒಬ್ಬ ಮನುಷ್ಯನ ಒಂದು ತೊಡಕನ್ನು ಮೊದಲಿನಿಂದ ಕೊನೆಯವರೆಗೆ ಬಿಡಿಸಬೇಕು. ಕಂಪೆನಿ ಒಂಬತ್ತು ವರ್ಷದಲ್ಲಿ ಕಲಿಸದುದನ್ನು ಅದು ಒಂದು ವರ್ಷದಲ್ಲಿ ಕಲಿಸೀತು. ನಾಳೆ ಇನ್ನೊಂದು ಬಾಗಿಲು ತಟ್ಟುವಾಗ, ಇದನ್ನು ನಾನೇ ಕಟ್ಟಿದೆ, ಇಂಥವರು ಇದನ್ನು ದಿನವೂ ಬಳಸುತ್ತಾರೆ ಎಂದು ತೋರಿಸುವುದಕ್ಕೆ ಒಂದು ವಸ್ತು ಕೈಯಲ್ಲಿ ಇರುತ್ತದೆ. ಪ್ರೋಗ್ರಾಮು ಬರೆಯುವ ಯಂತ್ರಗಳು ಬಂದಿರುವ ಈ ಕಾಲದಲ್ಲಿ ಏನು ಬರೆಯಬೇಕೆಂದು ಬಲ್ಲವನಿಗೇ ಬೆಲೆ. ಅದನ್ನು ಬಲ್ಲವನು ಬಳಸುವವನ ಪಕ್ಕದಲ್ಲಿ ಕುಳಿತವನು.

ಹೆಣ್ಣುಮಕ್ಕಳ ವಿಷಯವಾಗಿ ಒಂದು ಮಾತು ಹೇಳದೆ ಇರಲಾರೆವು. ಮನೆಯಿಂದ ಕೆಲಸ ಮಾಡುವ ಗಂಡುಮಗ ಕೋಣೆಯ ಬಾಗಿಲು ಹಾಕಿದರೆ ಮನೆಯವರು ಸದ್ದು ಮಾಡುವುದಿಲ್ಲ. ಸೊಸೆ ಬಾಗಿಲು ಹಾಕಿದರೆ, ಒಲೆಯ ಮೇಲೆ ಹಾಲಿದೆ ಎಂದು ಕರೆಯುತ್ತಾರೆ. ಆಕೆ ದುಡಿದ ಸಂಬಳ ಮನೆಗೆ ಬೇಕು, ಆಕೆಯ ವೇಳೆಗೆ ಮಾತ್ರ ಬೆಲೆಯಿಲ್ಲ. ಮದುವೆಯಾಗಿ ಈ ಊರುಗಳಿಗೆ ಬಂದ ಎಷ್ಟೋ ವಿದ್ಯಾವಂತ ಯುವತಿಯರು ಇನ್ನೊಂದು ಪರೀಕ್ಷೆಗೆ ಓದುವುದಕ್ಕೂ ಬಿಡುವಿಲ್ಲದೆ ನಿಂತಲ್ಲಿಯೇ ನಿಂತಿದ್ದಾರೆ. ಸಾರ್ವಜನಿಕ ಕಾರ್ಯಾಗಾರ ಮುಖ್ಯವಾಗಿ ಅವರಿಗಾಗಿ ಬೇಕು. ಅಲ್ಲಿಗೆ ಹೋಗಲು ಅವರನ್ನು ಬಿಡುವ ಮನಸ್ಸು ನಮ್ಮ ಮನೆಗಳಲ್ಲಿ ಬೇಕು.

ಕೊನೆಗೆ ಯುವಕರಿಗೆ. ಊರನ್ನು ಬಿಡುವುದು ಪಾಪವೆಂದು ನಾವು ಬಗೆಯುವುದಿಲ್ಲ. ಒಬ್ಬನ ಕಸುಬು ನಿಜವಾಗಿ ಬೆಂಗಳೂರಿನಲ್ಲಿಯೇ ಇದ್ದರೆ, ಮನೆಯ ಭಾರವನ್ನು ಹೊರುವ ಬೇರೆ ಕೈಗಳಿದ್ದರೆ, ಎರಡು ವರ್ಷ ಹೋಗಿ ಕಲಿತು ಬರುವುದು ಮೇಲು. ನಾಚಿಕೆಯಿಂದ ಇಲ್ಲಿ ಕೂರುವುದಕ್ಕಿಂತ ಅದು ಗೌರವ. ಆದರೆ ಹೋಗುವವರು ಬೇಸರದ ಭರದಲ್ಲಿ ಗದ್ದೆಯನ್ನು ಮಾರಿ ಹೋಗಬಾರದು. ೧೯೭೪ರಲ್ಲಿ ಕಬಿನಿಯ ಕಟ್ಟೆ ಮುಗಿದ ಮೇಲೆ ನೀರು ಕಂಡ ನೆಲವದು. ಅದನ್ನು ಮಾರಿದ ಹಣದಿಂದ ಬೆಂಗಳೂರಿನಲ್ಲಿ ಒಂದು ಮನೆಯ ಒಂದು ಭಾಗ ಬಂದೀತು, ಮಿಕ್ಕದ್ದಕ್ಕೆ ಇಪ್ಪತ್ತು ವರ್ಷದ ಸಾಲ ಬಂದೀತು. ಸಾಲ ತೀರಿಸಬೇಕಾದವನು ಬೇಡವಾದ ಕೆಲಸವನ್ನು ಬಿಡಲಾರ. ಇಂದು ಸಿಕ್ಕಿಕೊಂಡಿದ್ದೇನೆಂದು ಹೇಳುವವನು ಅಂದು ಎರಡರಷ್ಟು ಸಿಕ್ಕಿಕೊಳ್ಳುತ್ತಾನೆ. ತಂದೆಗೆ ಹೇಳದೆ ಬರೆದ ಜಾಹೀರಾತಿನ ವಿಷಯದಲ್ಲಿ ಇನ್ನೇನು ಹೇಳಬೇಕು? ಮೊದಲು ತಂದೆಯ ಮುಂ‌ದೆ ಕುಳಿತು, ಸಂಬಳದ ವಿಷಯವಲ್ಲದೆ ಕೆಲಸದ ವಿಷಯವನ್ನೂ ಹೇಳಿರಿ. ಮಾತು ತೊದಲುವ ಆ ಮುದುಕರಿಗೆ ಗಣಕಯಂತ್ರ ಗೊತ್ತಿಲ್ಲದಿರಬಹುದು. ಒಂದೇ ಬೆಳೆಯನ್ನು ವರ್ಷವರ್ಷವೂ ಇಟ್ಟರೆ ನೆಲ ಸೋಲುತ್ತದೆಂಬುದು ಅವರಿಗೆ ಚೆನ್ನಾಗಿ ಗೊತ್ತು.

ನಂಜನಗೂಡು ನರಸೀಪುರಗಳಲ್ಲಿ ಈ ಕಸುಬಿನವರು ತಮ್ಮ ಹೆಸರು, ವಿದ್ಯೆ, ಬೇಕಾದ ಅನುಕೂಲಗಳನ್ನು ಬರೆದು ನಮ್ಮ ಕಾರ್ಯಾಲಯಕ್ಕೆ ತಿಳಿಸಿದರೆ, ಅವರ ಮೊದಲನೆಯ ಕೂಟಕ್ಕೆ ನಮ್ಮ ಮುದ್ರಣಾಲಯದ ಮೇಲ್ಮಹಡಿಯನ್ನು ಭಾನುವಾರಗಳಂದು ಬಾಡಿಗೆಯಿಲ್ಲದೆ ಬಿಟ್ಟುಕೊಡುತ್ತೇವೆ. ಮಿಕ್ಕದ್ದನ್ನು ನಗರಸಭೆಯವರೂ ಪುರಸಭೆಯವರೂ ಮಾಡಬೇಕು. ಆ ಯುವಕರ ನಾಲ್ಕು ಸಾಲಿನ ಒಕ್ಕಣೆ ನಮ್ಮ ಮೇಜಿನ ಖಾನೆಯಲ್ಲಿದೆ. ಅವರು ಹೇಳಿದರೆ ಅಚ್ಚು ಹಾಕುವುದು ನಮ್ಮ ಕರ್ತವ್ಯ. ಹಾಕದಂತೆ ಆಗಲೆಂಬುದು ನಮ್ಮ ಹಾರೈಕೆ.